ಪಿಯಾನೊ ಹ್ಯಾಮರ್ ಸರಿಮಾಡುವುದು ಹೇಗೆ? ಸೂಜಿ ಹಿಡಿಯುವ ಮೊದಲು ಮಾಡಬೇಕಾದ ಕೆಲಸಗಳು

"ಟ್ಯೂನಿಂಗ್ ಮಾಡಿಸಿ ಇನ್ನೂ ತಿಂಗಳಾಗಿಲ್ಲ. ಆದರೂ ಪಿಯಾನೊ ತಗಡು ಬಡಿದ ಹಾಗೆ ಕೇಳುತ್ತೆ. ಏನು ಮಾಡೋದು?"

ದಾವಣಗೆರೆ, ಚಿತ್ರದುರ್ಗ ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಒಂದೇ ಕೀಯನ್ನು ಬೇಗ ಬೇಗ ಒತ್ತಿದರೆ ಎರಡನೇ ಸಲ ಶಬ್ದ ಬರಲ್ಲ, ಮಳೆ ಶುರುವಾದರೆ ಕೆಲವು ಕೀ ನಿಧಾನವಾಗುತ್ತವೆ ಎನ್ನುವವು ಉಳಿದವು. ಎಲ್ಲಕ್ಕೂ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಟ್ಯೂನಿಂಗ್ ಅಂದರೆ ತಂತಿಯ ಬಿಗಿ ಸರಿಮಾಡುವುದು. ಅದರಿಂದ ಶ್ರುತಿ ಸೇರುತ್ತದೆ, ಅಷ್ಟೇ. ನಾದ ಮೆತ್ತಗಿರಬೇಕೋ ಗಡುಸಾಗಿರಬೇಕೋ, ಬೆರಳು ಹೇಳಿದ್ದನ್ನು ಕೀ ಕೇಳಬೇಕೋ ಬೇಡವೋ ಎನ್ನುವುದೆಲ್ಲ ತಂತಿಗೆ ಬಡಿಯುವ ಹ್ಯಾಮರ್‌ಗೆ ಸೇರಿದ್ದು. ಅದನ್ನು ನೋಡುವವರು ನಮ್ಮ ಊರುಗಳಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿ.ಮೀ. ಕರೆಸಿದರೆ ಟ್ಯೂನಿಂಗ್ ಮುಗಿಯುವಷ್ಟರಲ್ಲೇ ಸಂಜೆಯಾಗುತ್ತದೆ. ಆದ್ದರಿಂದ ಮನೆಯಲ್ಲೇ ಮಾಡಬಹುದಾದ್ದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಈ ಲೇಖನ ಗೋಡೆಗೆ ಆನಿಸಿ ಇಡುವ ಅಪ್‌ರೈಟ್ ಪಿಯಾನೊಗೆ ಮಾತ್ರ. ಗ್ರ್ಯಾಂಡ್ ಪಿಯಾನೊದ ಒಳಭಾಗವನ್ನು ಮುಂದಕ್ಕೆ ಎಳೆದು ತೆಗೆಯಬೇಕು. ಎಳೆಯುವಾಗ ಗೊತ್ತಿಲ್ಲದೆ ಒಂದು ಕೀ ಒತ್ತಿದರೂ ಹ್ಯಾಮರ್ ಮೇಲೆದ್ದು ಮುರಿಯುತ್ತದೆ. ಅದನ್ನು ಈ ಲೇಖನ ನೋಡಿ ಮಾಡಬೇಡಿ.

ಮೊದಲು ಒಳಗೇನಿದೆ ನೋಡಿ

ಮೇಲಿನ ಮುಚ್ಚಳ ಎತ್ತಿ, ಮುಂದಿನ ಹಲಗೆ ತೆಗೆದು, ಟಾರ್ಚ್ ಹಿಡಿದು ಒಂದು ಕೀಯನ್ನು ತುಂಬಾ ನಿಧಾನವಾಗಿ ಒತ್ತಿ. ಕೀಯ ಹಿಂದಿನ ತುದಿ ತಕ್ಕಡಿಯ ಹಾಗೆ ಮೇಲೇಳುತ್ತದೆ. ಆ ತುದಿಯಲ್ಲಿ ಒಂದು ಗುಂಡು ಸ್ಕ್ರೂ ಇದೆ, ಅದು ಕ್ಯಾಪ್‌ಸ್ಟನ್. ಅದು ವಿಪ್ಪೆನ್ ಎನ್ನುವ ಮರದ ತುಂಡನ್ನು ಎತ್ತುತ್ತದೆ. ವಿಪ್ಪೆನ್ ಮೇಲೆ ನಿಂತಿರುವ ಸಣ್ಣ ಕಡ್ಡಿಗೆ ಜ್ಯಾಕ್ ಅಂತ ಹೆಸರು. ಅದು ಹ್ಯಾಮರ್‌ನ ಬುಡವನ್ನು ನೂಕುತ್ತದೆ, ಹ್ಯಾಮರ್ ತಂತಿಯ ಕಡೆ ಹೊರಡುತ್ತದೆ.

ಈಗ ಕಣ್ಣಿಟ್ಟು ನೋಡಿ. ತಂತಿಗೆ ಇನ್ನು 3 ಮಿ.ಮೀ. ಇದೆ ಎನ್ನುವಾಗ ಜ್ಯಾಕ್ ಪಕ್ಕಕ್ಕೆ ಜಾರಿಬಿಡುತ್ತದೆ. ಹ್ಯಾಮರ್ ಕೈಬಿಟ್ಟಂತಾಗಿ ಹಿಂದಕ್ಕೆ ಬೀಳುತ್ತದೆ. ಜೋರಾಗಿ ಒತ್ತಿದಾಗ ಆ ಕೊನೆಯ 3 ಮಿ.ಮೀ. ದೂರವನ್ನು ಅದು ತನ್ನ ವೇಗದಲ್ಲೇ ಹೋಗಿ, ತಂತಿ ಬಡಿದು, ಹಿಂದೆ ಬಂದು ಚೆಕ್ ಎನ್ನುವ ಫೆಲ್ಟ್ ಪಟ್ಟಿಗೆ ತಗುಲಿ ನಿಲ್ಲುತ್ತದೆ. ಜ್ಯಾಕ್ ಹೀಗೆ ಜಾರದಿದ್ದರೆ ಹ್ಯಾಮರ್ ತಂತಿಗೆ ಒತ್ತಿಕೊಂಡೇ ಇರುತ್ತದೆ, ನಾದ ಹುಟ್ಟುವ ಮೊದಲೇ ಸಾಯುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಪಿಯಾನೊ ಮಾಡಿದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಬಿಡಿಸಿದ ಕಗ್ಗಂಟು ಇದೇ. ಈ ಪೂರ್ತಿ ಜೋಡಣೆಗೆ ಆ್ಯಕ್ಷನ್ ಎನ್ನುತ್ತಾರೆ. ದಯವಿಟ್ಟು ಹತ್ತು ನಿಮಿಷ ಸುಮ್ನೆ ಕೂತು ಇದನ್ನು ನೋಡಿ. ಇದು ಅರ್ಥವಾದರೆ ಮುಂದಿನ ಕೆಲಸವೆಲ್ಲ ಸುಲಭ.

ಇನ್ನು ಫೆಲ್ಟ್. ಕ್ರಿಸ್ತೊಫೊರಿ ಕಾಲದ ಹ್ಯಾಮರ್‌ಗೆ ಚರ್ಮದ ಹೊದಿಕೆ ಇತ್ತು. ಫೆಲ್ಟ್ ಹೊದಿಸುವುದಕ್ಕೆ ಪ್ಯಾರಿಸ್‌ನ ಝಾನ್ ಆನ್ರಿ ಪಾಪ್ 1826ರಲ್ಲಿ ಪೇಟೆಂಟ್ ಪಡೆದ. ಫೆಲ್ಟ್ ಅಂದರೆ ಉಣ್ಣೆಯೇ. ಆದರೆ ನಮ್ಮ ಚಳ್ಳಕೆರೆ ಕಂಬಳಿಯ ಹಾಗೆ ನೂತು ನೇಯ್ದದ್ದಲ್ಲ. ಒದ್ದೆ, ಬಿಸಿ, ಒತ್ತಡ ಕೊಟ್ಟು ಎಳೆಗಳು ತಾವೇ ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡಿದ್ದು. ಅದನ್ನು ಮರದ ತಿರುಳಿನ ಮೇಲೆ ಬಿಗಿಯಾಗಿ ಎಳೆದು ಅಂಟಿಸಿರುತ್ತಾರೆ. ಹೊರಪದರ ಹಿಗ್ಗಿ, ಒಳಪದರ ಕುಗ್ಗಿ, ಇಡೀ ಹ್ಯಾಮರ್ ಒಂದು ಸ್ಪ್ರಿಂಗ್ ತರಹ ಇರುತ್ತದೆ. ವರ್ಷಗಟ್ಟಲೆ ಉಕ್ಕಿನ ತಂತಿಗೆ ಬಡಿದು ಬಡಿದು ತುದಿ ಗಟ್ಟಿಯಾಗುತ್ತದೆ, ತಂತಿಯ ಗೆರೆ ಮೂಡುತ್ತದೆ. ತಗಡಿನ ಸದ್ದಿಗೆ ಮುಖ್ಯ ಕಾರಣ ಇದು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ತೆಗೆದ ಫೆಲ್ಟ್ ಮತ್ತೆ ಬರುವುದಿಲ್ಲ. ಇಲ್ಲಿರುವ ಹಂತಗಳ ಕ್ರಮ ಅದಕ್ಕಾಗಿಯೇ ಹೀಗಿದೆ. ವಾಪಸ್ ಸರಿಮಾಡಬಹುದಾದ ಕೆಲಸ ಮೊದಲು, ಆಗದ ಕೆಲಸ ಆಮೇಲೆ. ವಿಡಿಯೊ ನೋಡಿ, ಫೆಲ್ಟ್ ಮೆತ್ತಗಾಗಲೆಂದು ನೇರವಾಗಿ ಸೂಜಿ ಹಿಡಿದು ಚುಚ್ಚಿದವರ ಪಿಯಾನೊಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಬಹಳಷ್ಟಕ್ಕೆ ಬೇಕಿದ್ದದ್ದು ಬರೀ ಸ್ಕ್ರೂ ಬಿಗಿ ಮತ್ತು ಅಳತೆ.

ಬೇಕಾದ ಸಾಮಾನು

ಹಿಡಿಗೆ ಸರಿಹೊಂದುವ ಎರಡು ಮೂರು ಸ್ಕ್ರೂಡ್ರೈವರ್, 15 ಸೆಂ.ಮೀ. ಸ್ಟೀಲ್ ಸ್ಕೇಲ್, ಮೆತ್ತನೆ ಬ್ರಷ್, ಸಣ್ಣ ಮೂತಿಯ ವ್ಯಾಕ್ಯೂಮ್ ಕ್ಲೀನರ್, ಟಾರ್ಚ್, ಮಾಸ್ಕ್. 100, 150 ಮತ್ತು 220 ನಂಬರಿನ ಮರದ ಸ್ಯಾಂಡ್‌ಪೇಪರ್ ತಲಾ ಎರಡು ಹಾಳೆ. ದಾವಣಗೆರೆಯ ಮಂಡಿಪೇಟೆ ಕಡೆಯ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಐಸ್‌ಕ್ರೀಂ ಕಡ್ಡಿಯಂಥ ಚಪ್ಪಟೆ ಮರದ ಪಟ್ಟಿಗಳು ನಾಲ್ಕೈದು. ಮೆಡಿಕಲ್ ಶಾಪಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಸಿರಿಂಜ್, ತೆಳ್ಳನೆ ಸೂಜಿ. ಅಗಲವಾದ ಗಟ್ಟಿ ಟೇಬಲ್. ಜೊತೆಗೆ ಒಬ್ಬರು. ಇದು ಒಬ್ಬರೇ ಮಾಡುವ ಕೆಲಸವಲ್ಲ.

ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವು ಯಾವುವೂ ಆ ಕೋಣೆಯಲ್ಲೇ ಬೇಡ. ಎಣ್ಣೆ ಫೆಲ್ಟಿಗೆ ಇಳಿದರೆ ಧೂಳು ಹಿಡಿದು ಜಿಡ್ಡಾಗುತ್ತದೆ, ಆಮೇಲೆ ಬಿಡಿಸಲು ಬರುವುದಿಲ್ಲ.

ಹಂತ 1: ಕೇಳಿ, ಬರೆದಿಡಿ

ಎಡಗಡೆಯ ಮೊದಲ ಕೀಗೆ 1. ಬಲತುದಿಗೆ 88, ಕೆಲವು ಹಳೆಯ ಪಿಯಾನೊದಲ್ಲಿ 85. ಪ್ರತಿ ಕೀಯನ್ನು ಮೆಲ್ಲಗೆ, ಮಧ್ಯಮವಾಗಿ, ಜೋರಾಗಿ ಒತ್ತಿ ಕೇಳಿ. ತಗಡು ಸದ್ದು, ನಿಧಾನ, ಎರಡನೇ ಸಲ ಮೂಕ, ಗಿಲಕಿ ಸದ್ದು ಅಂತ ನಂಬರಿನ ಮುಂದೆ ಬರೆಯಿರಿ. ಒಳಗಿನ ಫೋಟೊಗಳನ್ನು ಎಡ, ನಡು, ಬಲ ಮೂರೂ ಕಡೆಯಿಂದ ತೆಗೆದಿಡಿ.

ಹಂತ 2: ಆ್ಯಕ್ಷನ್ ಹೊರಗೆ ತೆಗೆಯಿರಿ

ಮೊದಲೇ ಎರಡು ವಿಷಯ ನೋಡಿ. ಒಂದು, ಹ್ಯಾಮರ್‌ಗಳ ಎದುರಿಗೆ ಸಾಲಾಗಿ ತಂತಿಗಳು ನಿಂತು ಹಕ್ಕಿ ಪಂಜರದ ಹಾಗೆ ಕಾಣುತ್ತಿದೆಯಾ? ಕೆಲವು ಹಳೆಯ ಇಂಗ್ಲಿಷ್ ಪಿಯಾನೊಗಳು ಹೀಗಿರುತ್ತವೆ. ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ತಿಳಿದವರನ್ನೇ ಕರೆಸಿ. ಎರಡು, ಪ್ರತಿ ಹ್ಯಾಮರ್‌ನ ಬುಡದಿಂದ ವಿಪ್ಪೆನ್‌ಗೆ ಕಟ್ಟಿರುವ ತೆಳ್ಳನೆಯ ಪಟ್ಟಿ ಇದೆಯಲ್ಲ, ಅದು ಬ್ರೈಡಲ್ ಪಟ್ಟಿ. ಆ್ಯಕ್ಷನ್ ಎತ್ತಿದಾಗ ವಿಪ್ಪೆನ್ ಕೆಳಗೆ ಜೋತು ಬೀಳದಂತೆ ಹಿಡಿಯುವುದು ಅದೇ. ಪಟ್ಟಿಗಳು ಕೊಳೆತು ಹರಿದಿದ್ದರೆ ಆ್ಯಕ್ಷನ್ ವಾಪಸ್ ಕೂರಿಸುವುದು ದೊಡ್ಡ ಪೇಚಾಟವಾಗುತ್ತದೆ.

ಎರಡೂ ಸರಿಯಿದ್ದರೆ ಮುಂದುವರಿಯಿರಿ. ಸದ್ದು ಕಡಿಮೆ ಮಾಡುವ ಫೆಲ್ಟ್ ಪರದೆ ಇದ್ದರೆ ಅದನ್ನು ಬಿಚ್ಚಿ. ಮೇಲ್ಗಡೆ ಮೂರು ಅಥವಾ ನಾಲ್ಕು ತಿರುಪುಗಳು ಆ್ಯಕ್ಷನ್ ಅನ್ನು ಕಬ್ಬಿಣದ ಚೌಕಟ್ಟಿಗೆ ಹಿಡಿದಿರುತ್ತವೆ. ಕೊನೆಯ ತಿರುಪು ಬಿಚ್ಚುವಾಗ ಇನ್ನೊಬ್ಬರು ಆ್ಯಕ್ಷನ್ ಹಿಡಿದಿರಬೇಕು. ನಿಮ್ಮ ಕಡೆಗೆ ಸ್ವಲ್ಪ ಬಾಗಿಸಿ, ಪೆಡಲ್ ಕೋಲುಗಳು ಬಿಟ್ಟುಕೊಂಡಿವೆಯಾ ನೋಡಿ, ಇಬ್ಬರೂ ಎರಡು ತುದಿಯ ಕಬ್ಬಿಣದ ಕಂಬ ಹಿಡಿದು ನೇರ ಮೇಲಕ್ಕೆ ಎತ್ತಿ. ಹ್ಯಾಮರ್ ಹಿಡಿದು ಎತ್ತಬೇಡಿ. ಟೇಬಲ್ ಮೇಲೆ ಎರಡು ಮರದ ತುಂಡು ಇಟ್ಟು ನೆಟ್ಟಗೆ ನಿಲ್ಲಿಸಿ. ಅದು ಮುಗ್ಗರಿಸದ ಹಾಗೆ ಹಗ್ಗದಿಂದ ಕಟ್ಟಿ. ಬಿದ್ದರೆ ಹತ್ತಾರು ಹ್ಯಾಮರ್ ಒಟ್ಟಿಗೆ ಹೋಗುತ್ತವೆ.

ಹಂತ 3: ಧೂಳು, ಆಮೇಲೆ ಸ್ಕ್ರೂ

ಬಯಲುಸೀಮೆಯ ಗಾಳಿ ಗೊತ್ತಲ್ವಾ? ಆಷಾಢದಲ್ಲಿ ಕಿಟಕಿ ಮುಚ್ಚಿದ್ದರೂ ಧೂಳು ಒಳಗೆ ಬರುತ್ತದೆ. ಮಾಸ್ಕ್ ಹಾಕಿ, ವರಾಂಡದಲ್ಲಿಟ್ಟು, ಬ್ರಷ್‌ನಿಂದ ಮೇಲಿಂದ ಕೆಳಗೆ ಗುಡಿಸುತ್ತಾ ವ್ಯಾಕ್ಯೂಮ್ ಮೂತಿ ಹತ್ತಿರ ಹಿಡಿಯಿರಿ. ಊದಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ. ಫೆಲ್ಟಿನಲ್ಲಿ ತೂತು, ಪುಡಿ ಕಂಡರೆ ನುಸಿ ಹತ್ತಿದೆ ಅಂತ ಅರ್ಥ. ಅಂಥ ಹ್ಯಾಮರ್‌ಗಳ ನಂಬರ್ ಬರೆದುಕೊಳ್ಳಿ.

ಈಗ ಸ್ಕ್ರೂ. ನಮ್ಮ ಕಡೆಯ ಪಿಯಾನೊಗಳಿಗೆ ಇದು ಬಹಳ ಮುಖ್ಯ. ಮಾರ್ಚಿಂದ ಮೇವರೆಗಿನ ಒಣ ಸೆಖೆಯಲ್ಲಿ ಮರ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಪ್ರತಿ ಹ್ಯಾಮರ್ ಒಂದು ಸಣ್ಣ ಮರದ ಕೀಲಿನ ಮೇಲೆ ಕೂತಿರುತ್ತದೆ, ಅದಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ. ಅದರ ಸ್ಕ್ರೂ ಕಾಲು ಸುತ್ತು ಸಡಿಲವಾದರೂ ಹ್ಯಾಮರ್ ಅಡ್ಡಾಡುತ್ತದೆ, ಮೂರು ತಂತಿಗೆ (ಹೆಚ್ಚಿನ ಕೀಗಳಿಗೆ ಮೂರು ತಂತಿ ಇರುತ್ತವೆ) ಬಡಿಯಬೇಕಾದ್ದು ಎರಡಕ್ಕೆ ಬಡಿಯುತ್ತದೆ, ಗಿಲಕಿ ಸದ್ದೂ ಬರುತ್ತದೆ. ಒಂದು ಕಡೆಯಿಂದ ಎಲ್ಲ ಸ್ಕ್ರೂಗಳನ್ನೂ ಬೆರಳ ಬಲದಲ್ಲಿ ಬಿಗಿ ಮಾಡಿ. ಮೊಣಕೈ ಬಲ ಹಾಕಿದರೆ ಮರದ ಒಳಪುರಿ ಹೋಗುತ್ತದೆ. ಬಿಗಿಯುವಾಗ ಹ್ಯಾಮರ್ ಪಕ್ಕಕ್ಕೆ ತಿರುಗುತ್ತಿದೆಯಾ ನೋಡಿಕೊಳ್ಳಿ. ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ತೂತಿಗೆ ಬೆಂಕಿಕಡ್ಡಿಯ ಸಣ್ಣ ಸೀಳು ಇಟ್ಟು ಮತ್ತೆ ಹಾಕಿ.

ಎಷ್ಟೋ ಜನ ಇಲ್ಲಿಗೇ "ಅರೆ, ಅರ್ಧ ಸರಿಹೋಯ್ತಲ್ಲ" ಅಂತ ಫೋನ್ ಮಾಡಿದ್ದಾರೆ. ಬೇಸಿಗೆ ಮುಗಿದ ಮೇಲೆ ವರ್ಷಕ್ಕೊಂದು ಸಲ ಇದೊಂದು ಕೆಲಸ ಮಾಡಿ.

ಹಂತ 4: ನಿಧಾನವಾದ ಹ್ಯಾಮರ್

ಹ್ಯಾಮರ್ ಅನ್ನು ಬೆರಳಿಂದ ಮುಂದೆ ತಳ್ಳಿ ಬಿಡಿ. ಪಕ್ಕದವು ಟಪ್ಪೆಂದು ಹಿಂದೆ ಬಂದು, ಇದೊಂದು ತೂಕಡಿಸುತ್ತಾ ಬಂದರೆ ಕೀಲಿನ ಪಿನ್ ಸುತ್ತಲಿನ ಬಟ್ಟೆ ಉಬ್ಬಿದೆ. ಮಳೆಗಾಲದ ತೊಂದರೆ ಇದು. ಆಲ್ಕೋಹಾಲಿಗೆ ಅಷ್ಟೇ ನೀರು ಸೇರಿಸಿ, ಸಿರಿಂಜಿನಿಂದ ಪಿನ್ನಿನ ಎರಡೂ ಬದಿಗೆ ಒಂದೊಂದೇ ಹನಿ ಬಿಡಿ. ಹತ್ತು ಸಲ ಹಿಂದೆ ಮುಂದೆ ಆಡಿಸಿ. ಎರಡು ದಿನ ಬಿಡಿ. ಒದ್ದೆಯಾದ ಬಟ್ಟೆ ಪಿನ್ನಿಗೆ ಒತ್ತಿಕೊಂಡು ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಕೀಲು ಸಡಿಲವಾಗುತ್ತದೆ. ಮೊದಲ ದಿನ ಇನ್ನೂ ಬಿಗಿ ಅನ್ನಿಸಬಹುದು, ಅದಕ್ಕೇ ಎರಡು ದಿನ. ಹನಿ ಪಿಯಾನೊದ ಪಾಲಿಶ್ ಮೇಲೆ ಬಿದ್ದರೆ ಬಿಳಿ ಕಲೆಯಾಗುತ್ತದೆ, ಜೋಪಾನ.

ಹಂತ 5: ಹ್ಯಾಮರ್ ಉಜ್ಜುವುದು

ಇಲ್ಲಿ ಅವಸರ ಬೇಡ. ಒಂದು ಹ್ಯಾಮರ್ ಅನ್ನು ಪಕ್ಕದಿಂದ ನೋಡಿ. ಹೊಸತರಲ್ಲಿ ಅದು ಮೊಟ್ಟೆಯ ಚೂಪು ತುದಿಯ ಹಾಗಿರುತ್ತದೆ. ಸವೆದದ್ದು ಚಪ್ಪಟೆಯಾಗಿ, ತುದಿಯಲ್ಲಿ ಮೂರು ಗೆರೆ ಬಿದ್ದಿರುತ್ತದೆ. ಉಗುರಿನಿಂದ ಆ ಗೆರೆ ಮುಟ್ಟಿ ನೋಡಿ, ಒಣಗಿದ ಎಮ್ಮೆ ಚರ್ಮದಷ್ಟು ಗಟ್ಟಿ. ಭುಜದ ಕಡೆ, ಅಂದರೆ ತುದಿಯಿಂದ ಎರಡೂ ಬದಿಗೆ ಇಳಿಯುವ ಭಾಗ ಮುಟ್ಟಿ, ಅಲ್ಲಿ ಇನ್ನೂ ಉಣ್ಣೆಯ ಮೆತ್ತನೆ ಇದೆ. ಭುಜವನ್ನು ಒಂದೊಂದೇ ಪದರ ತೆಗೆದು ಮತ್ತೆ ಮೊಟ್ಟೆಯಾಕಾರ ತರುವುದು ನಮ್ಮ ಕೆಲಸ. ತುದಿಯನ್ನು ಕತ್ತರಿಸುವುದಲ್ಲ.

ಸ್ಯಾಂಡ್‌ಪೇಪರನ್ನು ಹ್ಯಾಮರ್‌ನ ಅಗಲಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಮರದ ಪಟ್ಟಿಗೆ ಅಂಟಿಸಿ. ಎಡಗೈಯಲ್ಲಿ ಹ್ಯಾಮರ್‌ನ ತಲೆಯನ್ನು ಹಿಂದಿನಿಂದ ಒತ್ತಿ ಹಿಡಿಯಿರಿ, ಭಾರ ಕೀಲಿನ ಮೇಲೆ ಬೀಳಬಾರದು. 100 ನಂಬರ್ ಪಟ್ಟಿಯನ್ನು ಭುಜದಿಂದ ತುದಿಯ ಕಡೆಗೆ ಎಳೆಯಿರಿ, ತುದಿ ತಲುಪುವ ಮೊದಲೇ ಎತ್ತಿಬಿಡಿ. ಒಂದೇ ದಿಕ್ಕು, ಹಿಂದೆ ಮುಂದೆ ಅಲ್ಲ. ಮೇಲ್ಗಡೆ ನಾಲ್ಕು ಎಳೆತ, ಕೆಳಗಡೆ ನಾಲ್ಕು ಎಳೆತ. ಎರಡೂ ಕಡೆ ಸಮ ಇರಲೇಬೇಕು, ಇಲ್ಲದಿದ್ದರೆ ತುದಿ ಮೇಲಕ್ಕೋ ಕೆಳಕ್ಕೋ ಸರಿದು ತಂತಿಯ ಬೇರೆ ಜಾಗಕ್ಕೆ ಬಡಿಯುತ್ತದೆ. ಆಮೇಲೆ 150, ಕೊನೆಗೆ 220 ಹಾಳೆಯ ತೆಳ್ಳನೆ ಪಟ್ಟಿಯನ್ನು ತುದಿಯ ಮೇಲೆ ಒಂದೆರಡು ಸಲ ಹಗುರವಾಗಿ ಎಳೆಯಿರಿ.

ಗೆರೆ ಪೂರ್ತಿ ಹೋಗುವ ತನಕ ಉಜ್ಜಬೇಡಿ. ಮಸುಕಾಗಿ ಕಾಣುತ್ತಿರಲಿ, ಸಾಕು. ಬಲತುದಿಯ 15 ಹ್ಯಾಮರ್‌ಗಳನ್ನು ಬೇರೆಯೇ ಕೆಲಸ ಅಂತ ತಿಳಿಯಿರಿ. ಅಲ್ಲಿ ಮರದ ಮೇಲೆ ತೆಳ್ಳನೆ ಫೆಲ್ಟ್ ಮಾತ್ರ ಇರುತ್ತದೆ. 100 ನಂಬರ್ ಹತ್ತಿರ ತರಬೇಡಿ, 220ರಲ್ಲಿ ಎರಡು ಎಳೆತ ಅಷ್ಟೇ. ಶುರುವಿನಲ್ಲಿ ನಾನೇ ಒಂದು ಪಿಯಾನೊದ 86ನೇ ಹ್ಯಾಮರ್ ಅನ್ನು ಮರ ಕಾಣುವವರೆಗೆ ಉಜ್ಜಿಬಿಟ್ಟಿದ್ದೆ. ಆ ಕೀ ಒತ್ತಿದರೆ ಕಡ್ಡಿ ಬಡಿದ ಸದ್ದು ಬರುತ್ತಿತ್ತು. ಹ್ಯಾಮರ್ ಬದಲಿಸುವ ತನಕ ಅದಕ್ಕೆ ಬೇರೆ ಉಪಾಯವೇ ಇರಲಿಲ್ಲ.

ಮೊದಲ ಸಲ ಮಾಡುವವರು ನಡುವಿನ 40ನೇ ನಂಬರಿನ ಹತ್ತಿರ ಒಂದನ್ನು ಉಜ್ಜಿ, ಪಕ್ಕದಲ್ಲಿ ಉಜ್ಜದೆ ಇರುವುದನ್ನು ಇಟ್ಟು ಹೋಲಿಸಿ. ಕೈ ಪಳಗಿದ ಮೇಲೆ ಸಾಲಾಗಿ ಹೋಗಿ. ಒಂದು ದಿನಕ್ಕೆ ಮೂವತ್ತು ಸಾಕು. ಕೈ ಸೋತಾಗ ಎಳೆತ ಓರೆಯಾಗುತ್ತದೆ.

ತಲೆ ಬಿಟ್ಟುಕೊಂಡ ಹ್ಯಾಮರ್ ಸಿಕ್ಕಿದರೆ ಮರಕ್ಕೆ ಹಾಕುವ ಬಿಳಿ ಗೋಂದು ಬಳಸಿ ಒಂದು ದಿನ ಬಿಡಿ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ತರಹದ್ದು ಬೇಡ. ಅದು ಫೆಲ್ಟಿಗೆ ಇಳಿದರೆ ಕಲ್ಲಾಗುತ್ತದೆ, ಓರೆಯಾಗಿ ಅಂಟಿದರೆ ತಿದ್ದಲು ಸಮಯವೇ ಸಿಗುವುದಿಲ್ಲ.

ಹಂತ 6: ಅಳತೆ ಕೂರಿಸುವುದು

ಆ್ಯಕ್ಷನ್ ವಾಪಸ್ ಕೂರಿಸಿ, ತಿರುಪು ಬಿಗಿಯಿರಿ. ಇನ್ನು ಅಳತೆ ಕೂರಿಸುವುದು, ಇದಕ್ಕೆ ರೆಗ್ಯುಲೇಷನ್ ಎನ್ನುತ್ತಾರೆ. ಒಂದು ಅಳತೆ ಇನ್ನೊಂದನ್ನು ಎಳೆಯುತ್ತದೆ, ಹಾಗಾಗಿ ಕ್ರಮ ತಪ್ಪಿಸಬೇಡಿ. ನಿಮ್ಮ ಪಿಯಾನೊ ತಯಾರಕರು ಕೊಟ್ಟ ಅಳತೆ ಇದ್ದರೆ ಅದೇ ಅಂತಿಮ. ಇಲ್ಲದಿದ್ದರೆ ಇವು ಸಾಮಾನ್ಯವಾಗಿ ನಡೆಯುತ್ತವೆ.

ಹ್ಯಾಮರ್ ತಲೆಯಿಂದ ತಂತಿಗೆ ದೂರ ಸುಮಾರು 45 ಮಿ.ಮೀ. ಅಷ್ಟುದ್ದದ ಒಂದು ಕಡ್ಡಿ ಕತ್ತರಿಸಿಕೊಂಡರೆ ಸ್ಕೇಲ್ ಹಿಡಿದು ಒದ್ದಾಡಬೇಕಿಲ್ಲ. ಉಜ್ಜಿದ ಮೇಲೆ ಈ ದೂರ ಸ್ವಲ್ಪ ಜಾಸ್ತಿ ಆಗಿರುತ್ತದೆ. ಹ್ಯಾಮರ್‌ಗಳು ಒರಗಿಕೊಳ್ಳುವ ಉದ್ದನೆ ಮರದ ಪಟ್ಟಿಯನ್ನು ಮುಂದೆ ತಂದು ಸರಿಮಾಡಬೇಕು.

ಆಮೇಲೆ ಪೋಲು ಚಲನೆ. ಕೀಯನ್ನು ಇರುವೆ ನಡೆದಷ್ಟು ಹಗುರವಾಗಿ ಒತ್ತಿ. ಹ್ಯಾಮರ್ ತಕ್ಷಣ ಅಲುಗಬೇಕು. ಮೊದಲು ಕೀ ಸ್ವಲ್ಪ ಇಳಿದು ಆಮೇಲೆ ಹ್ಯಾಮರ್ ಹೊರಟರೆ, ನಿಮ್ಮ ಬೆರಳ ಶ್ರಮದಲ್ಲಿ ಒಂದು ಪಾಲು ಸುಮ್ನೆ ಹೋಗುತ್ತಿದೆ. ಕ್ಯಾಪ್‌ಸ್ಟನ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ತಿರುಗಿಸಿ. ಇಲ್ಲಿ ಬಹಳ ಜನ ಎಡವುತ್ತಾರೆ. ಜಾಸ್ತಿ ಎತ್ತಿದರೆ ಹ್ಯಾಮರ್ ಒರಗುಪಟ್ಟಿಯಿಂದ ಮೇಲೆದ್ದು ನಿಲ್ಲುತ್ತದೆ, ಜ್ಯಾಕ್ ಮತ್ತೆ ಬುಡದ ಕೆಳಗೆ ಬಂದು ಕೂರಲು ಜಾಗ ಸಿಗುವುದಿಲ್ಲ. "ಎರಡನೇ ಸಲ ಮೂಕ" ಎನ್ನುವ ದೂರು ಹುಟ್ಟುವ ಜಾಗಗಳಲ್ಲಿ ಇದೂ ಒಂದು.

ಮೂರನೆಯದು ಜ್ಯಾಕ್ ಜಾರುವ ಜಾಗ, 3 ಮಿ.ಮೀ. ಮದುವೆ ಕಾಗದದ ಗಟ್ಟಿ ಹಾಳೆ ಮಡಚಿ ಆ ದಪ್ಪಕ್ಕೆ ತಂದರೆ ಒಳ್ಳೆಯ ಅಳತೆಗೋಲು. ಕೀಯನ್ನು ನಿಧಾನ ಒತ್ತಿದಾಗ ಹ್ಯಾಮರ್ ಆ ಕಾಗದದ ಹೊಸ್ತಿಲಿಗೆ ಬಂದು ಹಿಂದೆ ಬೀಳಬೇಕು. ಜ್ಯಾಕ್‌ನ ಪಾದಕ್ಕೆ ತಗಲುವ ಫೆಲ್ಟ್ ಗುಂಡಿಯನ್ನು ಕೆಳಗಿಳಿಸಿದರೆ ಬೇಗ ಜಾರುತ್ತದೆ, ಮೇಲೆತ್ತಿದರೆ ತಡವಾಗಿ. ದೂರ 6, 7 ಮಿ.ಮೀ. ಆದರೆ ಮೆಲ್ಲಗೆ ನುಡಿಸುವಾಗ ಸದ್ದೇ ಬರುವುದಿಲ್ಲ. ತೀರಾ ಹತ್ತಿರವಾದರೆ ಹ್ಯಾಮರ್ ತಂತಿಗೆ ಸಿಕ್ಕಿಕೊಂಡು ಎರಡು ಸಲ ಬಡಿಯುತ್ತದೆ.

ಕೀಯ ಆಳ ಸುಮಾರು 10 ಮಿ.ಮೀ. ಕೀಯ ಮುಂದಿನ ಪಿನ್ನಿಗೆ ಹಾಕಿರುವ ಕಾಗದದ ಬಿಲ್ಲೆಗಳನ್ನು ಸೇರಿಸಿ, ತೆಗೆದು ಇದನ್ನು ಸರಿಮಾಡಬಹುದು. ಕೊನೆಗೆ ಚೆಕ್. ಮಧ್ಯಮ ಬಲದಲ್ಲಿ ಒತ್ತಿ ಹಿಡಿದಾಗ ಹ್ಯಾಮರ್ ತಂತಿಯಿಂದ 15 ಮಿ.ಮೀ. ದೂರದಲ್ಲಿ ನಿಲ್ಲಬೇಕು. ಚೆಕ್‌ನ ತಂತಿಯನ್ನು ಹಗುರವಾಗಿ ಬಾಗಿಸಿದರೆ ಆಯಿತು. ಡ್ಯಾಂಪರ್, ಅಂದರೆ ನಾದ ನಿಲ್ಲಿಸುವ ಫೆಲ್ಟ್, ಅದನ್ನು ತಳ್ಳುವ ಚಮಚದಂಥ ಲೋಹದ ತುಂಡು ಒಳಗಿದೆ. ಅದಕ್ಕೆ ಕೈ ಹಾಕಬೇಡಿ.

ಹಂತ 7: ಸೂಜಿ, ಎಲ್ಲಕ್ಕಿಂತ ಕೊನೆಗೆ

ಈಗ ಒಂದು ವಾರ ನುಡಿಸಿ. ಆಮೇಲೂ ಕೆಲವು ಕೀಗಳು ಕಿರುಚುತ್ತಿದ್ದರೆ ಮಾತ್ರ ಸೂಜಿ. ಅದಕ್ಕೂ ಮೊದಲು ಒಂದು ಪರೀಕ್ಷೆ: ಬಲ ಪೆಡಲ್ ತುಳಿದು, ಹ್ಯಾಮರ್ ಅನ್ನು ಕೈಯಿಂದ ತಂತಿಗೆ ಮೆಲ್ಲಗೆ ಒತ್ತಿ ಹಿಡಿದು, ಮೂರು ತಂತಿಗಳನ್ನೂ ಒಂದೊಂದಾಗಿ ಉಗುರಿನಿಂದ ಮೀಟಿ. ಮೂರೂ ಮೂಕವಾಗಿರಬೇಕು. ಒಂದು ಮಾತ್ರ ಝಣ್ ಎಂದರೆ ಹ್ಯಾಮರ್ ಅದನ್ನು ಸರಿಯಾಗಿ ಮುಟ್ಟುತ್ತಿಲ್ಲ. ತುದಿಯನ್ನು 220ರಲ್ಲಿ ಆ ಕಡೆಗೆ ಸಮಮಾಡಿ. ನೂರು ಸೂಜಿ ಚುಚ್ಚಿದರೂ ಈ ಸದ್ದು ಹೋಗುವುದಿಲ್ಲ.

ಸೂಜಿಯ ಕೆಲಸಕ್ಕೆ ವಾಯ್ಸಿಂಗ್ ಎನ್ನುತ್ತಾರೆ. ಉಣ್ಣೆ ಹಿಂಜಿದಂತೆಯೇ ಇದು. ಬಿಗಿದ ಎಳೆಗಳ ನಡುವೆ ಸ್ವಲ್ಪ ಜಾಗ ಮಾಡಿಕೊಡುವುದು. ಮೂರು ಹೊಲಿಗೆ ಸೂಜಿಗಳನ್ನು ಮರದ ಹಿಡಿಗೆ ಗಟ್ಟಿಯಾಗಿ ಕೂರಿಸಿ, ತುದಿ 6 ಮಿ.ಮೀ. ಮಾತ್ರ ಹೊರಗಿರಲಿ. ಹ್ಯಾಮರ್‌ನ ತುದಿಯನ್ನು ಗಡಿಯಾರದ 12 ಅಂದುಕೊಳ್ಳಿ. 10ರ ಹತ್ತಿರ ಮೂರು ಚುಚ್ಚು, 2ರ ಹತ್ತಿರ ಮೂರು ಚುಚ್ಚು, ಒಳಗಿನ ಮರದ ತಿರುಳಿನ ಕಡೆಗೆ ನೇರವಾಗಿ. ಹ್ಯಾಮರ್‌ಗೆ ಹಿಂದಿನಿಂದ ಆಸರೆ ಇರಲಿ. ನುಡಿಸಿ ಕೇಳಿ. ಸಾಲದಿದ್ದರೆ ಇನ್ನೆರಡು. 12ಕ್ಕೆ ಚುಚ್ಚಬೇಡಿ. ಅಲ್ಲಿ ಆಳವಾಗಿ ಚುಚ್ಚಿದರೆ ನಾದ ಹತ್ತಿಯಲ್ಲಿ ಸುತ್ತಿಟ್ಟ ಹಾಗಾಗುತ್ತದೆ, ಮತ್ತೆ ಗಟ್ಟಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಇಸ್ತ್ರಿಪೆಟ್ಟಿಗೆ, ಲ್ಯಾಕರ್ ಅಂತ ಏನೇನೋ ಹೇಳುತ್ತಾರೆ. ಅವು ದಿನಾ ಅದೇ ಕೆಲಸ ಮಾಡುವವರ ಕೈಗೆ ಬಿಡಿ.

ಅತಿ ಜೋರಿನ ಕೀಯನ್ನು ಪಕ್ಕದವುಗಳ ಮಟ್ಟಕ್ಕೆ ತಂದರೆ ಸಾಕು. ಇಡೀ ಪಿಯಾನೊವನ್ನು ಮೆತ್ತಗೆ ಮಾಡಲು ಹೋಗಬೇಡಿ. ದಾವಣಗೆರೆಯ ಮನೆಗಳಲ್ಲಿ ಮೊಸಾಯಿಕ್ ನೆಲ, ಖಾಲಿ ಗೋಡೆ ಇದ್ದರೆ ಸದ್ದು ಹೇಗೂ ಚೂಪಾಗಿ ಕೇಳುತ್ತದೆ. ಪಿಯಾನೊ ಕೆಳಗೆ ಒಂದು ಕಂಬಳಿ, ಎದುರಿಗೆ ಪರದೆ ಹಾಕಿ ಒಮ್ಮೆ ಕೇಳಿ, ಆಮೇಲೆ ಸೂಜಿ ಬೇಕಾ ಅಂತ ತೀರ್ಮಾನಿಸಿ.

ಯಾವಾಗ ನಿಲ್ಲಿಸಬೇಕು

ಫೆಲ್ಟ್ ಮರದಿಂದ ಬಿಟ್ಟುಕೊಂಡಿದ್ದರೆ, ನುಸಿ ಅರ್ಧ ತಿಂದಿದ್ದರೆ, ಮೊದಲೇ ಒಮ್ಮೆ ಉಜ್ಜಿ ಇನ್ನು ಉಜ್ಜಲು ಫೆಲ್ಟೇ ಉಳಿಯದಿದ್ದರೆ ಹ್ಯಾಮರ್ ಬದಲಿಸುವುದೊಂದೇ ದಾರಿ. ಹೊಸ ಸೆಟ್ಟಿಗೆ ತೂಕ, ಕೋನ, ತೂತಿನ ಅಳತೆ ಎಲ್ಲ ಹಳೆಯದಕ್ಕೆ ಹೊಂದಬೇಕು. ಆದ್ದರಿಂದ ಹಳೆಯ ಹ್ಯಾಮರ್ ಒಂದನ್ನೂ ಎಸೆಯಬೇಡಿ. ಟೆಕ್ನಿಷಿಯನ್ ಬರುವ ಮೊದಲು 1, 20, 40, 60, 88ನೇ ಹ್ಯಾಮರ್‌ಗಳ ಫೋಟೊವನ್ನು ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆದು ಕಳಿಸಿ. ಹಂತ 1ರಲ್ಲಿ ಬರೆದ ಪಟ್ಟಿಯನ್ನೂ ಜೊತೆಗೆ ಕಳಿಸಿ. ಬೇಕಾದ ಸಾಮಾನು ಅವರು ಹೊರಡುವಾಗಲೇ ತರಬಹುದು, ಎರಡನೇ ಪ್ರಯಾಣದ ಖರ್ಚು ಉಳಿಯುತ್ತದೆ.